ಚಂಪಕಮಾಲಿನಿಯ ಕೆನ್ನೆ

ಶಾಮಲಮ್ಮನಿಗೆ ಎಡಗಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ವಯಸ್ಸಿಗೆ ಬಂದದ್ದೂ ಅಲ್ಲ. ನಂಗಲಿಯ ಆಚೆಗಿನ ಒಂದು ಊರಿನಲ್ಲಿ, ತುಂಬಿದ ಸಭೆಯ ಮುಂದೆ, ಚಪ್ಪಾಳೆಯ ನಡುವೆ ಹೋದ ಕಿವಿ ಅದು. ಊರಿನ ಹೆಸರು ಬೇಡ, ಹೇಳಿದರೆ ಅಲ್ಲಿಯವರು ನಾಳೆಯೇ ಜಗಳಕ್ಕೆ ಬರುತ್ತಾರೆ. ಹೊಡೆದವನ ಹೆಸರು ಹೇಳುವುದಕ್ಕೆ ಮಾತ್ರ ಯಾವ ದಾಕ್ಷಿಣ್ಯವೂ ಇಲ್ಲ. ದೊಡ್ಡನಾರಾಯಣಪ್ಪ ಅಂತ. ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಮೀಸೆಗೆ ಬಣ್ಣ ಹಾಕುತ್ತಾನೆ.

ಆಗ ಶಾಮಲಮ್ಮನಿಗೆ ಹತ್ತೊಂಬತ್ತು. ಊರಿನ ಗಂಡಸರೇ ಸೇರಿ ಕಲಿತು ಆಡುವ ಹಾಡಿನ ನಾಟಕಗಳಿಗೆ ಹೆಣ್ಣುಪಾತ್ರ ಮಾಡಲು ಪೇಟೆಯಿಂದ ಕಲಾವಿದೆಯರನ್ನು ಕರೆಸುವುದು ಈ ಸೀಮೆಯ ಪದ್ಧತಿ. ಮಾಲೂರಿನಿಂದ ಮುಳಬಾಗಿಲಿನವರೆಗೆ ಯಾವ ಊರಿನವರಾದರೂ ಮೊದಲು ಕೇಳುತ್ತಿದ್ದದ್ದು ಕೋಲಾರದ ಶಾಮಲಾ ಬಿಡುವಾಗಿದ್ದಾಳಾ ಎಂದೇ. ಅಂಥ ಕಂಠ ಅವಳದು. ಅಂಥ ಕಂಠವನ್ನು ನಂಬಿಕೊಂಡು ಅವಳು ‘ಚಂಪಕಮಾಲಿನಿ ಪರಿಣಯ’ ಆಡಲು ಆ ಊರಿಗೆ ಹೋದಳು.

ನಾಟಕದ ಕಥೆ ಇಷ್ಟೇ. ರಾಜಕುಮಾರ ವೀರಸೇನ, ಚಂಪಕಮಾಲಿನಿ ಎಂಬ ಹೆಮ್ಮೆಯ ರಾಜಕುಮಾರಿಯನ್ನು ಬಯಸುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಇವನು ಬಿಡುವುದಿಲ್ಲ. ಮೂರನೆಯ ಅಂಕದಲ್ಲಿ ಉದ್ಯಾನಕ್ಕೆ ನುಗ್ಗಿ ಸೆರಗು ಹಿಡಿಯುತ್ತಾನೆ, ಅವಳು ಬೈದರೆ ಕಪಾಳಕ್ಕೆ ಬಾರಿಸುತ್ತಾನೆ. ಆ ಏಟಿಗೆ ಅವಳ ಗರ್ವ ಇಳಿದು, ಎದೆಯಲ್ಲಿ ಪ್ರೇಮ ಹುಟ್ಟಿ, ಅವನ ಕಾಲು ಹಿಡಿದು ‘ಹೊಡೆದ ಕೈಯೇ ಹೂವಾಯಿತೋ ನನ್ನೊಡೆಯಾ’ ಎಂದು ಹಾಡುತ್ತಾಳೆ. ಏಟಿಗೆ ಪ್ರೇಮ ಹುಟ್ಟುವುದಾಗಿದ್ದರೆ ಊರಿನ ಎತ್ತುಗಳೆಲ್ಲ ತಮ್ಮ ಯಜಮಾನರ ಮೇಲೆ ಪದ ಕಟ್ಟಬೇಕಾಗಿತ್ತು. ಆದರೆ ಆ ಹಾಡಿನ ಮಟ್ಟು ಎಷ್ಟು ಚೆನ್ನಾಗಿತ್ತೆಂದರೆ, ಹಾಡು ಏನು ಹೇಳುತ್ತಿದೆ ಎಂದು ಯಾರೂ ಕೇಳಲಿಲ್ಲ. ಹೆಂಗಸರು ಅದನ್ನು ರಾಗಿ ಬೀಸುವಾಗ ಹಾಡಿಕೊಂಡರು.

ವೀರಸೇನನ ಪಾತ್ರ ದೊಡ್ಡನಾರಾಯಣಪ್ಪನ ಮನೆಗೇ ಮೀಸಲು. ಹಾರ್ಮೋನಿಯಂ ಮೇಷ್ಟ್ರು ಸುಬ್ಬರಾಯಪ್ಪ ಅಭ್ಯಾಸದಲ್ಲಿ ಹೇಳಿಕೊಟ್ಟಿದ್ದರು: ಕೈ ಗಾಳಿಯಲ್ಲಿ ಬೀಸಬೇಕು, ತಬಲಾದವನು ಛಟ್ಟೆನ್ನಿಸುತ್ತಾನೆ, ಹುಡುಗಿ ಮುಖ ತಿರುಗಿಸುತ್ತಾಳೆ. ಇಪ್ಪತ್ತು ದಿನದ ಅಭ್ಯಾಸದಲ್ಲಿ ಅವನು ಹಾಗೇ ಮಾಡಿದ. ನಾಟಕದ ದಿನ, ಊರೆಲ್ಲ ನೆರೆದಿದ್ದಾಗ, ಹರಳಿನ ಉಂಗುರ ತೊಟ್ಟ ಕೈಯಲ್ಲಿ ನಿಜವಾಗಿಯೇ ಬಿಗಿದ.

ಸಭೆ ಎದ್ದು ನಿಂತಿತು. ‘ಒನ್ಸ್ ಮೋರ್! ಒನ್ಸ್ ಮೋರ್!’ ನಾಟಕ ಕಂಡವರಿಗೆ ಈ ಕಟ್ಟಳೆ ಗೊತ್ತು. ಜನ ಒನ್ಸ್ ಮೋರ್ ಎಂದರೆ, ಸತ್ತುಬಿದ್ದ ರಾಜನೂ ಎದ್ದು ಮೈ ಕೊಡವಿಕೊಂಡು ತನ್ನ ಹಾಡನ್ನು ಮತ್ತೆ ಹಾಡಿ ಮತ್ತೆ ಸಾಯಬೇಕು. ಶಾಮಲಮ್ಮ ಕೆನ್ನೆ ಹಿಡಿದುಕೊಂಡು, “ಬ್ಯಾಡ ಯಜಮಾನ್ರೇ, ಕಿವಿ ಗುಂಯ್ ಅಂತೈತೆ,” ಎಂದಳು. ಅವನು ಅದಕ್ಕೆ ಮೈಕಿನಲ್ಲಿ ಉತ್ತರ ಕೊಟ್ಟ. “ಬಣ್ಣ ಹಚ್ಚಿದ್ಮೇಲೆ ಇಲ್ಲ ಅನ್ನಂಗಿಲ್ಲ ಕಣಮ್ಮೀ. ಜನ ಕೇಳ್ತಾವ್ರೆ. ಜನವೇ ದೇವ್ರು.”

ಜನಕ್ಕೆ ಈ ಮಾತು ಏಟಿಗಿಂತ ಹೆಚ್ಚು ಹಿಡಿಸಿತು. ಎರಡನೆಯದು ಬಿತ್ತು. ಮತ್ತೆ ಒನ್ಸ್ ಮೋರ್, ಮತ್ತೆ ಮೂರನೆಯದು. ಆಮೇಲೆ ಅವನ ಹೆಂಡತಿ ಮುನಿಶಾಮಮ್ಮ ಚೆಂಡುಹೂವಿನ ಹಾರ ಹಿಡಿದುಕೊಂಡು ಬಂದು, ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ರಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿ, ಗಂಡನ ಕೊರಳಿಗೆ ಹಾಕಿದಳು. ಶಾಮಲಮ್ಮ ಅವನ ಕಾಲ ಬಳಿ ಕೂತು, ಒಂದೇ ಕಿವಿಗೆ ಕೇಳುತ್ತಿದ್ದ ಶ್ರುತಿಗೆ ಹಾಡುತ್ತ, ಆ ಹಾರವನ್ನು ನೋಡಿದಳು.

ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. ಲಕ್ಕೂರಿನಲ್ಲಿ ಅಪಸ್ವರ ಹಾಡಿ ಕೂಗಿಸಿಕೊಂಡಳು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯವರು ಆಡಿಸಿದ ನಾಟಕದಲ್ಲಿ ಹಾಡು ಎತ್ತಿಕೊಳ್ಳುವಲ್ಲೇ ತಪ್ಪಿದಳು. ಕರೆಗಳು ನಿಂತವು. ಈಗ ಕೋಲಾರದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಅವಳದೊಂದು ಡ್ರಾಮಾ ಡ್ರೆಸ್ ಬಾಡಿಗೆಯ ಅಂಗಡಿ. ಸ್ಕೂಲ್ ಡೇ ಬಂದರೆ ಕಿರೀಟ, ಗದೆ, ನವಿಲುಗರಿ. ಕಿರೀಟ ಕೊಡುವಾಗ ಮಕ್ಕಳಿಗೆ ಅವಳು ತಪ್ಪದೆ ಒಂದು ಮಾತು ಹೇಳುತ್ತಾಳೆ, “ಗದೇಲಿ ಯಾರ್ಗೂ ನಿಜವಾಗಿ ಹೊಡೀಬೇಡ್ರಪ್ಪ.”

ಮದುವೆ ಆಯಿತು, ಗಂಡ ತೀರಿಕೊಂಡ, ಐವತ್ತಾರು ತುಂಬಿತು. ಸಿಟ್ಟಿಗೆ ಮಾತ್ರ ವಯಸ್ಸಾಗಲಿಲ್ಲ.

ಹೀಗಿರುವಾಗ ದೊಡ್ಡನಾರಾಯಣಪ್ಪನ ಮಗ ಮುನೇಶ್ ಅಂಗಡಿಗೆ ಬಂದ. ಊರಿನಲ್ಲಿ ಹೊಸ ರಂಗಮಂದಿರ ಎದ್ದಿದೆ, ಅದಕ್ಕೆ ಅಪ್ಪನ ಹೆಸರನ್ನೇ ಇಡುತ್ತಾರೆ. ಉದ್ಘಾಟನೆಗೆ ಚಂಪಕಮಾಲಿನಿಯನ್ನೇ ಆಡಬೇಕು, ವೀರಸೇನನ ಪಾತ್ರವನ್ನು ತಾನೇ ಮಾಡಬೇಕು ಎಂದು ಅಪ್ಪ ಹಟ ಹಿಡಿದಿದ್ದಾರೆ. ಬೆಂಗಳೂರಿನ ಕಲಾವಿದೆಯರನ್ನು ಕೇಳಿದರೆ, ಮೂರನೇ ಅಂಕ ಓದಿ ನೋಡಿ ಎಲ್ಲರೂ ಒಲ್ಲೆ ಎಂದಿದ್ದಾರೆ.

“ಈ ಕಾಲದಾಗೆ ಇಂಥಾದ್ ಆಡಿದ್ರೆ ಜನ ಉಗೀತಾರೆ ಅಂತಾರಕ್ಕ,” ಎಂದು ಮುನೇಶ್ ತಲೆ ಕೆರೆದುಕೊಂಡ. “ಹಾಡುಗಳ ಮಟ್ಟು ನಿಮಗ್ಬಿಟ್ರೆ ಯಾರ್ಗೂ ಬರಲ್ಲ. ನೀವೇ ಮಾಡ್ಕೊಡ್ಬೇಕು.”

ಎಪ್ಪತ್ತರ ರಾಜಕುಮಾರನಿಗೆ ಐವತ್ತಾರರ ರಾಜಕುಮಾರಿ. ಬಣ್ಣಕ್ಕೆ ವಯಸ್ಸಿಲ್ಲ ಎನ್ನುವುದು ನಾಟಕದವರ ಹಳೆಯ ಮಾತು. ಶಾಮಲಮ್ಮ ಕೈಯಲ್ಲಿದ್ದ ಕಿರೀಟದ ಧೂಳು ಒರೆಸುತ್ತ ಕೇಳಿದಳು.

“ಮೂರ್ನೇ ಅಂಕ ಇರ್ತೈತಾ?”

“ಇರ್ತೈತಕ್ಕ.”

“ಹಂಗಾರೆ ಬರ್ತೀನಿ.”

ಅವಳಿಗೆ ಬೇಕಾಗಿದ್ದುದು ಅದೊಂದೇ. ಅದೇ ಊರು, ಅದೇ ಸೀನು, ಅವನ ಕೆನ್ನೆ. ಎಲ್ಲರ ಮುಂದೆ ಕೊಟ್ಟದ್ದನ್ನು ಎಲ್ಲರ ಮುಂದೆಯೇ ತೀರಿಸಬೇಕು. ಆ ಸಂಜೆ ಅವಳು ಮೇಷ್ಟ್ರ ಮನೆಗೆ ಹೋಗಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಸುಬ್ಬರಾಯಪ್ಪನವರಿಗೆ ಎಂಬತ್ತಾಗಿದೆ, ಬೆರಳು ಮಾತ್ರ ಇನ್ನೂ ಚುರುಕು. ಅವಳ ಕಿವಿಯ ವಿಷಯ ಮೊದಲಿನಿಂದ ಬಲ್ಲ ಒಬ್ಬರೇ ಅವರು. ಹಾರ್ಮೋನಿಯಂ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದುಕೊಂಡು, “ಅವತ್ತು ನಾನು ಪೆಟ್ಟಿಗೆ ಮುಚ್ಚಿ ಎದ್ದಿದ್ರೆ ಎರಡ್ನೇದು ಬೀಳ್ತಿರ್ಲಿಲ್ಲ ಕಣಮ್ಮ. ಈ ಸಲ ನಿನ್ ಕಡೆಗೆ ಪೆಟ್ಟಿಗೆ ಬಾರಿಸ್ತೀನಿ,” ಎಂದರು.

ಅಭ್ಯಾಸ ದೊಡ್ಡನಾರಾಯಣಪ್ಪನ ಮನೆಯ ಜಗಲಿಯಲ್ಲಿ. ಶಾಮಲಮ್ಮ ಸಂಜೆಯ ಬಸ್ಸಿಗೆ ಬಂದು ನಂಗಲಿಯಲ್ಲಿ ಇಳಿದರೆ, ಹೆದ್ದಾರಿಯ ಲಾರಿಗಳನ್ನು ದಾಟಿಸಿ ಮುನೇಶ್ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಮೊದಲ ದಿನ ಅವಳನ್ನು ಕಂಡು ದೊಡ್ಡನಾರಾಯಣಪ್ಪ ಎದ್ದು ನಿಂತು ನಕ್ಕ.

“ಏಂ ಶಾಮಲಾ, ಬಾಗುನ್ನಾವಾ? ಚೆನ್ನಾಗಿದ್ದೀಯಾ? ನೋಡ್ರಪ್ಪ, ಇವ್ಳೇ ಚಂಪಕಮಾಲಿನಿ. ನನ್ ಕೈ ಏಟು ತಿಂದ್ಮೇಲೇ ಇವ್ಳಿಗೆ ಹೆಸ್ರು ಬಂದಿದ್ದು!”

ಅವನ ಜೊತೆಗಾರ ಮುನಿರಾಮಪ್ಪ ಹೋ ಎಂದು ನಕ್ಕ. ಶಾಮಲಮ್ಮನೂ ನಕ್ಕಳು. ಹಲ್ಲು ಕಚ್ಚಿ ನಗುವುದು ನಾಟಕದವರಿಗೆ ಕಷ್ಟವಲ್ಲ. ಮೇಷ್ಟ್ರು ಹಾರ್ಮೋನಿಯಂ ಎತ್ತಿಕೊಂಡು ಬಂದು ಅವಳ ಬಲಗಡೆಗೆ ಇಟ್ಟುಕೊಂಡರು. “ಯಾಕೆ ಮೇಷ್ಟ್ರೇ ಆ ಕಡೆ? ಎಡಗಡೆ ಬನ್ನಿ, ಗಾಳಿ ಬರ್ತೈತೆ,” ಎಂದ ದೊಡ್ಡನಾರಾಯಣಪ್ಪ. ಅವನಿಗೆ ಗೊತ್ತೇ ಇರಲಿಲ್ಲ. ಮೂವತ್ತೇಳು ವರ್ಷ ಅವಳು ದಿನವೂ ಹೊತ್ತುಕೊಂಡು ತಿರುಗಿದ್ದು ಅವನ ನೆನಪಿನಲ್ಲಿ ಒಂದು ಚಪ್ಪಾಳೆ ಮಾತ್ರ.

ಆದರೆ ಅವಳ ಸೇಡಿಗೆ ಅಡ್ಡ ಬಂದದ್ದು ದೊಡ್ಡನಾರಾಯಣಪ್ಪ ಅಲ್ಲ, ಅವನ ಮೊಮ್ಮಗಳು ಶ್ರೀವಾಣಿ.

ಶ್ರೀವಾಣಿ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಕಂಪನಿ ಬಸ್ಸಿನಿಂದ ಇಳಿದು, ಕೊರಳಲ್ಲಿ ಐಡಿ ಕಾರ್ಡು ತೂಗಾಡಿಸಿಕೊಂಡೇ ಅಭ್ಯಾಸಕ್ಕೆ ಬರುತ್ತಿದ್ದಳು. ಅವಳದು ರಾಜಕುಮಾರಿಯ ಸಖಿಯ ಪಾತ್ರ. ಮೊದಲ ಎರಡು ಅಂಕ ನಗುನಗುತ್ತ ಕಲಿತ ಹುಡುಗಿ ಮೂರನೆಯ ಅಂಕ ಕೇಳಿ ಕೈಯಲ್ಲಿದ್ದ ಹಾಳೆ ಮಡಿಸಿಬಿಟ್ಟಳು.

“ತಾತ, ಇದೇನಿದು? ಅವಳು ಬ್ಯಾಡ ಅಂದ್ಮೇಲೂ ಸೆರಗು ಹಿಡೀತಾನೆ, ಹೊಡೀತಾನೆ, ಅವಳು ಕಾಲಿಗ್ ಬೀಳ್ತಾಳೆ. ನಮ್ ಲೈನಲ್ಲಿ ಸೂಪರ್‌ವೈಸರ್ ಹಿಂಗ್ ಮಾಡಿದ್ರೆ ಅವತ್ತೇ ಕಂಪ್ಲೇಂಟ್ ಹೋಗ್ತೈತೆ. ಹಾಡ್ ಹೇಳಲ್ಲ ಯಾರೂ.”

“ಲೇ, ಇದು ಕಲೆ ಕಣೇ. ನಿಮ್ ಫ್ಯಾಕ್ಟ್ರಿ ಅಲ್ಲ.”

“ಹೊಡ್ದೋನ ಮೇಲೆ ಪ್ರೀತಿ ಹೆಂಗ್ ಬರ್ತೈತೆ ತಾತ?”

“ಅದ್ರಾಗೇ ಇರೋದಮ್ಮ ಮಜಾ,” ಎಂದ ಮುನಿರಾಮಪ್ಪ.

“ಯಾರಿಗೆ?” ಎಂದಳು ಶ್ರೀವಾಣಿ. ಮುನಿರಾಮಪ್ಪ ಎಲೆಯಡಿಕೆಯ ಚೀಲ ಹುಡುಕತೊಡಗಿದ.

ಮುನೇಶನೂ ಮಗಳ ಪರ ನಿಂತ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಯಾರಾದರೂ ವಿಡಿಯೋ ಹಾಕಿದರೆ ರಂಗಮಂದಿರಕ್ಕೆ ಇಟ್ಟ ಹೆಸರು ಮೊದಲ ದಿನವೇ ಹರಾಜಾಗುತ್ತದೆ, ಹೊಡೆಯುವ ಬದಲು ವೀರಸೇನ ಒಂದು ಹೂವು ಕೊಡಲಿ ಎಂದ. ಹೆಸರಿನ ಮಾತು ಬಂದದ್ದೇ ದೊಡ್ಡನಾರಾಯಣಪ್ಪ ಮೀಸೆ ತೀಡುತ್ತ ಯೋಚನೆಗೆ ಬಿದ್ದ. ಶಾಮಲಮ್ಮ ಶ್ರೀವಾಣಿಯ ಕಡೆ ತಿರುಗಿದಳು. ಈ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ತನ್ನ ಅನ್ನ ಕಸಿಯುತ್ತಿದ್ದಾಳಲ್ಲ! ಹೂವು ಕೊಟ್ಟವನ ಕೆನ್ನೆಗೆ ಹೊಡೆಯುವುದು ಹೇಗೆ?

“ಸೀನು ಇರ್ಲಿ,” ಎಂದಳು ಗಟ್ಟಿಯಾಗಿ. “ನಾಟ್ಕದ ಜೀವ ಅಲ್ಲೈತೆ. ಅದ್ನ ತೆಗೆಯೋದಾದ್ರೆ ನಾನ್ ಬರಲ್ಲ.”

ದೊಡ್ಡನಾರಾಯಣಪ್ಪ ತೊಡೆ ತಟ್ಟಿದ. “ನೋಡ್ದಾ? ಏಟು ತಿಂದೋಳೇ ಹೇಳ್ತಾವ್ಳೆ!” ಕೊನೆಗೆ ಮುನೇಶ್ ಒಂದು ರಾಜಿ ಮಾಡಿಸಿದ. ಸೀನು ಇರುತ್ತದೆ, ಆದರೆ ಕೈ ತಾಗುವಂತಿಲ್ಲ. ಅಪ್ಪ ಹೂಂ ಎಂದ.

ಶ್ರೀವಾಣಿ ಮಾತ್ರ ಶಾಮಲಮ್ಮನನ್ನು ಬಾಗಿಲವರೆಗೆ ಹಿಂಬಾಲಿಸಿ ಬಂದಳು. “ನೀವೇ ಹಿಂಗಂದ್ರೆ ಹೆಂಗೆ ಆಂಟಿ? ನಿಮ್ಮಂತೋರಿಂದ್ಲೇ ಇವ್ರಿಗೆಲ್ಲ ಧೈರ್ಯ ಬರೋದು.” ಆ ಮಾತು ಮೂರು ಏಟಿಗಿಂತ ಹೆಚ್ಚು ಉರಿಯಿತು. ನಿಮ್ಮ ತಾತನನ್ನು ನಾನು ಬಡಿಯಬೇಕು, ಅದಕ್ಕೆ ಈ ಸೀನು ಬೇಕು ಎಂದು ಮೊಮ್ಮಗಳಿಗೆ ಹೇಳುವುದು ಹೇಗೆ? ಹುಡುಗಿಯ ಕಣ್ಣಲ್ಲಿ ತಾನು ಸಣ್ಣವಳಾದದ್ದನ್ನು ಶಾಮಲಮ್ಮ ನುಂಗಿಕೊಂಡು ಬೈಕ್ ಹತ್ತಿದಳು.

ನಾಟಕಕ್ಕೆ ಎರಡು ದಿನ ಮುಂಚೆ ಇನ್ನೊಂದು ನಡೆಯಿತು. ಕಾಫಿ ಲೋಟ ಹಿಡಿದು ಮುನಿಶಾಮಮ್ಮ ಪಕ್ಕದಲ್ಲಿ ನಿಂತು ಏನೋ ಹೇಳಿದಳು. ಎಡಗಡೆ ನಿಂತಿದ್ದರಿಂದ ಶಾಮಲಮ್ಮನಿಗೆ ಕೇಳಲಿಲ್ಲ, ಕೇಳಿದ್ದರೂ ಉತ್ತರ ಕೊಡುತ್ತಿರಲಿಲ್ಲ. ಆ ಮನೆಯಲ್ಲಿ ಗಂಡನನ್ನು ಬಿಟ್ಟರೆ ಅವಳು ದ್ವೇಷಿಸುತ್ತಿದ್ದುದು ಈ ಹೆಂಗಸನ್ನೇ. ಮುನಿಶಾಮಮ್ಮ ಸುತ್ತಿ ಬಲಗಡೆಗೆ ಬಂದಳು.

“ನಂಗೂ ಎಡಗಡೆದು ಕೇಳ್ಸಲ್ಲ ಕಣಮ್ಮ,” ಎಂದಳು ಮೆಲ್ಲಗೆ. “ಇವ್ರದು ಬಲಗೈ ಅಲ್ವಾ. ಎಲ್ಲಾ ಆ ಕಡೇಗೇ ಬೀಳ್ತೈತೆ.”

ಶಾಮಲಮ್ಮ ಲೋಟ ಕೆಳಗಿಟ್ಟಳು. “ಹಾರ ಹಾಕ್ದೋಳು ನೀನೇ ಅಲ್ವಾ?”

“ಹಾಕು ಅಂತ ಕಣ್ಣಲ್ಲೇ ಹೇಳಿದ್ರು. ಹಾಕ್ದೇ ಇದ್ದಿದ್ರೆ ನಾಲ್ಕ್‌ನೇದು ನಂಗಿತ್ತು, ಮನೇಲಿ.” ಇಷ್ಟು ಹೇಳಿ, ಒಳಗಿನಿಂದ ಗಂಡ ಕೂಗಿದ್ದಕ್ಕೆ ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡು ಹೋದಳು. ಕನಿಕರ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಶಾಮಲಮ್ಮನಿಗೆ ಬಂದದ್ದು ಇನ್ನಷ್ಟು ಸಿಟ್ಟು, ಆದರೆ ಅದರಲ್ಲಿ ಆ ಹೆಂಗಸಿಗಿದ್ದ ಪಾಲು ಕಡಿಮೆಯಾಯಿತು.

ನಾಟಕದ ದಿನ ಬಂತು. ಬೆಳಗಿನವರೆಗೆ ಆಡುವ ಕಾಲ ಹೋಯಿತು. ನಸುಕಿನಲ್ಲೇ ಕಂಪನಿ ಬಸ್ಸು ಬರುವ ಊರಿನಲ್ಲಿ ಸಂಜೆ ಆರಕ್ಕೆ ಪರದೆ ಎದ್ದು ಊಟದ ಹೊತ್ತಿಗೆ ಮಂಗಳ ಹಾಡಬೇಕು. ರಂಗಮಂದಿರದ ನೆತ್ತಿಯ ಮೇಲೆ ದೊಡ್ಡನಾರಾಯಣಪ್ಪನ ಹೆಸರು ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಮುನಿಶಾಮಮ್ಮ, ಮಡಿಲಲ್ಲಿ ಗಂಡನಿಗೆಂದು ತಂದ ಹಾರ. ಅವಳ ಹಿಂದೆ ಶ್ರೀವಾಣಿಯ ಜೊತೆ ಕೆಲಸ ಮಾಡುವ ಹುಡುಗಿಯರ ದಂಡು. ಎಡಕ್ಕೆ ಮುನಿರಾಮಪ್ಪ ಮತ್ತವನ ಕಾಲದವರು. ಪರದೆಯ ಹಗ್ಗ ಮುನೇಶನ ಕೈಯಲ್ಲಿ.

“ತಾಗಿಸ್ದೇ ಹೋದ್ರೆ ಏನ್ಮಾಡ್ತೀಯಮ್ಮ?” ಎಂದು ಬಣ್ಣದ ಮನೆಯಲ್ಲಿ ಮೇಷ್ಟ್ರು ಕೇಳಿದರು.

“ತಾಗಿಸ್ತಾನೆ ಮೇಷ್ಟ್ರೇ. ನಾಯಿ ಬಾಲ ಯಾವತ್ತಿದ್ರೂ ಡೊಂಕೇ.”

ಮೊದಲ ಅಂಕದಲ್ಲಿ ಅವಳು ಉದ್ಯಾನದ ಹಾಡು ಎತ್ತಿಕೊಂಡಾಗ ಮೊಬೈಲ್ ನೋಡುತ್ತಿದ್ದ ಹುಡುಗಿಯರು ತಲೆ ಎತ್ತಿದರು. ಒಂದು ಕಿವಿಯನ್ನೇ ನಂಬಿ ಇಷ್ಟು ವರ್ಷ ಒಬ್ಬಳೇ ಮನೆಯಲ್ಲಿ ತಿದ್ದಿಕೊಂಡ ಶ್ರುತಿ, ಒಂದು ಎಳೆಯೂ ಆಚೀಚೆ ಹೋಗಲಿಲ್ಲ. ಒನ್ಸ್ ಮೋರ್ ಬಂತು. ಅವಳು ಮತ್ತೆ ಹಾಡಿದಳು. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟಳು. ದೊಡ್ಡನಾರಾಯಣಪ್ಪನಿಗೆ ಅಲ್ಲಿಯವರೆಗೆ ಒಂದು ಒನ್ಸ್ ಮೋರ್ ಕೂಡ ಬಿದ್ದಿರಲಿಲ್ಲ. ಎರಡನೆಯ ಅಂಕದಲ್ಲಿ ಅವನು ಚಂಪಕಮಾಲಿನಿಯ ದಾರಿಗೆ ಅಡ್ಡ ನಿಂತಾಗಲಂತೂ ಹಿಂದಿನಿಂದ ಒಂದು ಹುಡುಗಿ, “ಅವ್ರಿಗ್ ಇಷ್ಟ ಇಲ್ವಂತೆ ಬಿಡಪ್ಪ!” ಎಂದಳು. ಸಭೆ ಗೊಳ್ಳೆಂದಿತು. ಕಿರೀಟದ ಕೆಳಗೆ ಅವನ ಮುಖ ಬಿಗಿದುಕೊಂಡಿತು.

ಮೂರನೆಯ ಅಂಕ. ಸೆರಗು ಹಿಡಿದ, ಅವಳು ಬೈದಳು, ಅವನು ಕೈ ಬೀಸಿದ. ಕೈ ಗಾಳಿಯಲ್ಲಿ ಹೋಯಿತು, ತಬಲಾ ಛಟ್ಟೆಂದಿತು, ಶಾಮಲಮ್ಮ ಮುಖ ತಿರುಗಿಸಿದಳು.

ಸಭೆಯಲ್ಲಿ ಸದ್ದೇ ಇಲ್ಲ. ದೊಡ್ಡನಾರಾಯಣಪ್ಪ ಎದೆ ಉಬ್ಬಿಸಿಕೊಂಡು ಕಾದ. ಯಾವ ಜಾಗದಲ್ಲಿ ಊರೇ ಎದ್ದು ಕುಣಿದಿತ್ತೋ ಅಲ್ಲಿ ಈಗ ಹುಡುಗಿಯರು ಕೈ ಕಟ್ಟಿ ಕೂತಿದ್ದರು. ಮುದುಕರೂ ಮೊಮ್ಮಕ್ಕಳ ಮುಖ ನೋಡಿ ಸುಮ್ಮನಾದರು. ಯಾರೋ ಥೂ ಎಂದರು. ಜೀವಮಾನವೆಲ್ಲ ಒಂದೇ ಚಪ್ಪಾಳೆಯ ಮೇಲೆ ಬದುಕಿದವನಿಗೆ ಇದು ಸಹಿಸುವಂಥದ್ದಲ್ಲ. ಅವನು ಮುನಿರಾಮಪ್ಪನ ಕಡೆ ಕಣ್ಣು ಬಿಟ್ಟು ನೋಡಿದ. ಮುನಿರಾಮಪ್ಪ ಗಡಬಡಿಸಿ ಎದ್ದ.

“ಒನ್ಸ್ ಮೋರ್! ಅದಿರಿಪೋಯಿಂದಿ, ಸಖತ್ತಾಗೈತೆ! ಒನ್ಸ್ ಮೋರ್!”

ಒಂಟಿ ದನಿ. ಆದರೂ ಕಟ್ಟಳೆ ಕಟ್ಟಳೆಯೇ. ಮೇಷ್ಟ್ರ ಬೆರಳು ಹಾಡಿನ ಮೊದಲಿಗೆ ಹಿಂದಿರುಗಿತು. ಶಾಮಲಮ್ಮ ಮತ್ತೆ ಬೈದಳು. ಈ ಸಲ ಕೈ ಗಾಳಿಯಲ್ಲಿ ಹೋಗಲಿಲ್ಲ. ಅದೇ ಹರಳಿನ ಉಂಗುರ, ಅದೇ ಎಡಗೆನ್ನೆ. ತಬಲಾದವನು ಬಾರಿಸುವುದಕ್ಕೆ ಮೊದಲೇ ಸದ್ದು ಮೈಕಿನಲ್ಲಿ ಕೇಳಿಸಿತು.

“ತಾತ!” ಎಂದು ಸಖಿಯ ವೇಷದ ಶ್ರೀವಾಣಿ ಕಿರುಚಿದಳು.

ಅವನು ಕಾಲು ಮುಂದಿಟ್ಟು ನಿಂತ, ಅವಳು ಬಂದು ಬೀಳಲಿ ಎಂದು. ಶಾಮಲಮ್ಮ ಬಂದಳು. ಬೀಳಲಿಲ್ಲ. ಮೂವತ್ತೇಳು ವರ್ಷ ಅಂಗೈಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಒಟ್ಟುಮಾಡಿ, ಕಾಲೂರಿ, ಅವನ ಕೆನ್ನೆಗೆ ಬಾರಿಸಿದಳು. ಕಿರೀಟ ಹಾರಿ ಉರುಳಿಕೊಂಡು ಹೋಗಿ ಹಾರ್ಮೋನಿಯಂ ಪೆಟ್ಟಿಗೆಗೆ ತಾಗಿ ನಿಂತಿತು. ಅಂಗೈ ಚುರುಗುಟ್ಟಿತು. ಎಂಥ ಸುಖವಾದ ಉರಿ ಅದು!

“ಏಯ್! ಇದು ನಾಟ್ಕದಾಗಿಲ್ಲ!” ಎಂದ ದೊಡ್ಡನಾರಾಯಣಪ್ಪ ಕೆನ್ನೆ ಹಿಡಿದುಕೊಂಡು.

“ನನ್ ಕಿವಿ ಹೋಗಿದ್ದೂ ನಾಟ್ಕದಾಗಿರ್ಲಿಲ್ಲ ಯಜಮಾನ್ರೇ.” ಅವಳು ಮೈಕಿಗೆ ಬಾಯಿಟ್ಟು ಸಭೆಯ ಕಡೆ ತಿರುಗಿದಳು. “ಇದೇ ಊರಾಗೆ, ಇದೇ ಸೀನ್‌ನಾಗೆ, ನೀವೆಲ್ಲ ಒನ್ಸ್ ಮೋರ್ ಅಂದಿದ್ದಕ್ಕೆ ಮೂರು ಸಲ ಹೊಡ್ದ ಇವ್ನು. ಆವತ್ತಿಂದ ನಂಗೆ ಈ ಕಿವಿ ಇಲ್ಲ. ಹಾಡೋಳ ಕಿವಿ.”

ಮುದುಕರ ಸಾಲಿನಲ್ಲಿ ತಲೆಗಳು ತಗ್ಗಿದವು. ಶ್ರೀವಾಣಿ ಬಾಯಿ ಮೇಲೆ ಕೈಯಿಟ್ಟುಕೊಂಡು ಶಾಮಲಮ್ಮನನ್ನೇ ನೋಡಿದಳು. ಸೀನು ಯಾಕೆ ಇರಬೇಕಾಗಿತ್ತು ಎಂಬುದು ಅವಳಿಗೆ ಈಗ ಗೊತ್ತಾಯಿತು.

“ಲೇ ಮುನೇಶ, ಪರದೆ ಬಿಡ್ಲಾ! ಹುಚ್ಚು ಹಿಡ್ದೈತೆ ಇವ್ಳಿಗೆ!”

ಮುನೇಶ್ ಹಗ್ಗಕ್ಕೆ ಕೈ ಹಾಕಿದ. ಆಗ ಮುಂದಿನ ಸಾಲಿನಿಂದ ಒಂದು ದನಿ ಬಂತು. ಕೂಗಿ ಅಭ್ಯಾಸವಿಲ್ಲದ, ಸ್ವಲ್ಪ ಒಡೆದ ದನಿ.

“ಒನ್ಸ್ ಮೋರು.”

ಮುನಿಶಾಮಮ್ಮ. ಹಾರ ಮಡಿಲಲ್ಲೇ ಇತ್ತು. ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಯಾರಿಗಾದರೂ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದಳು. “ಒನ್ಸ್ ಮೋರು!”

ಮುನೇಶನ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ಅವನು ಒಮ್ಮೆ ಅಮ್ಮನನ್ನು ನೋಡಿದ, ಒಮ್ಮೆ ಅಪ್ಪನನ್ನು ನೋಡಿದ. ಚಿಕ್ಕಂದಿನಲ್ಲಿ ಅವನು ಬಾಗಿಲ ಸಂದಿಯಿಂದ ಏನೇನು ಕಂಡಿದ್ದನೋ, ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಬಿಗಿದು ಕಟ್ಟಿ ದೂರ ಸರಿದ.

ದೊಡ್ಡನಾರಾಯಣಪ್ಪ ಮೆಟ್ಟಿಲ ಕಡೆ ಹೊರಟ. ಆದರೆ ಸೀನು ಮುಗಿಯುವ ಮೊದಲು ಬಣ್ಣದಲ್ಲಿ ರಂಗ ಬಿಟ್ಟು ಇಳಿದವನನ್ನು ಈ ಸೀಮೆಯಲ್ಲಿ ಗಂಡಸೆಂದು ಎಣಿಸುವುದಿಲ್ಲ, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ. ಮೊದಲ ಮೆಟ್ಟಿಲ ಹತ್ತಿರ ಅವನ ಕಾಲು ತಡೆಯಿತು. ತಲೆಯ ಮೇಲೆ ಅವನದೇ ಹೆಸರು ಹೊಳೆಯುತ್ತಿತ್ತು.

“ಎಲ್ಲಿಗ್ ಹೋಗ್ತೀರಾ ಯಜಮಾನ್ರೇ?” ಶಾಮಲಮ್ಮ ಮೈಕಿನಲ್ಲಿ ಕೇಳಿದಳು. “ಬಣ್ಣ ಹಚ್ಚಿದ್ಮೇಲೆ ಇಲ್ಲ ಅನ್ನಂಗಿಲ್ಲ. ಜನ ಕೇಳ್ತಾವ್ರೆ. ಜನವೇ ದೇವ್ರು.”

ಮೇಷ್ಟ್ರು ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ಇಷ್ಟು ಉತ್ಸಾಹದಲ್ಲಿ ಅವರು ಎಂದೂ ಬಾರಿಸಿರಲಿಲ್ಲ. ಶಾಮಲಮ್ಮ ಅವನ ಎದುರಿಗೆ ಹೋಗಿ, ಅವನು ಮುಖ ತಿರುಗಿಸಲಿ ಎಂದು ಕಾಯದೆ ಎರಡನೆಯದನ್ನು ಕೊಟ್ಟಳು.

ಈಗ ಎದ್ದಿತು ಸಭೆ. ಹುಡುಗಿಯರು ಕುರ್ಚಿಯ ಮೇಲೆ ಹತ್ತಿ ನಿಂತರು. ಅವರ ಹಿಂದೆ ಅವರ ಅಮ್ಮಂದಿರು, ಒಂದು ಕಾಲಕ್ಕೆ ಆ ಹಾಡನ್ನು ರಾಗಿ ಬೀಸುತ್ತ ಹಾಡಿಕೊಂಡವರು, ಅವರೂ ಎದ್ದರು. ಒನ್ಸ್ ಮೋರ್, ಒನ್ಸ್ ಮೋರ್. ಹೊಸ ರಂಗಮಂದಿರದ ತಗಡಿನ ಸೂರು ಗುಡುಗಿತು. ಊರ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಲಾರಿ ನಿಂತು, ಡ್ರೈವರ್ ಇಣುಕಿ ನೋಡಿದ. ಮುನಿರಾಮಪ್ಪ ಎಲ್ಲಿ ಹೋದನೋ ಕಾಣಲಿಲ್ಲ.

ದೊಡ್ಡನಾರಾಯಣಪ್ಪನ ಮೀಸೆಯ ಬಣ್ಣ ಒಂದು ಕಡೆ ತುಟಿಗೆಲ್ಲ ಮೆತ್ತಿಕೊಂಡಿತ್ತು. ಕೆನ್ನೆಯ ಮೇಲಿನ ಬಣ್ಣದಲ್ಲಿ ನಾಲ್ಕು ಬೆರಳು ಮೂಡಿದ್ದವು. ಅವನು ಮೊದಲ ಸಲ ಶಾಮಲಮ್ಮನಿಗೆ ಮಾತ್ರ ಕೇಳುವಂತೆ, ಮೈಕಿನಿಂದ ದೂರ ಬಾಗಿ, “ಬ್ಯಾಡಮ್ಮ, ಸಾಕು,” ಎಂದ. ಹೇಳಿದ್ದು ಎಡಗಿವಿಗೆ. ಅವನ ತುಟಿ ಅಲುಗಿದ್ದನ್ನು ಅವಳು ಕಂಡಳು, ಮಾತು ಕೇಳಲಿಲ್ಲ.

ಅವಳು ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಹಿಡಿದು ಸಭೆಯ ಕಡೆ ನೋಡಿದಳು. ಅಂಗೈ ಇನ್ನೂ ಉರಿಯುತ್ತಿತ್ತು, ಆಸೆಯೂ ಇನ್ನೂ ತೀರಿರಲಿಲ್ಲ. ಬೇಕಾಗಿದ್ದರೆ ಬೆಳಗಿನವರೆಗೆ ಹೊಡೆಯಬಲ್ಲವಳಾಗಿದ್ದಳು. ಆದರೆ ಅವಳ ಕಣ್ಣು ಮುಂದಿನ ಸಾಲಿನ ಕುರ್ಚಿಯ ಮೇಲೆ ನಿಂತಿತು. ಆ ಹೆಂಗಸು ತಲೆಯನ್ನು ಒಂದು ಕಡೆ ವಾರೆಮಾಡಿ, ಬಲಗಿವಿಯನ್ನು ರಂಗದ ಕಡೆ ಕೊಟ್ಟು ಕೂತಿದ್ದಳು. ಶಾಮಲಮ್ಮ ಪ್ರತಿದಿನ ಕೂರುವುದೂ ಹಾಗೆಯೇ.

“ಮೂರ್ನೇದು ನಂದಲ್ಲ,” ಎಂದಳು ಮೈಕಿನಲ್ಲಿ. “ಬಾಮ್ಮ ಮುನಿಶಾಮಮ್ಮ.”

ಗಲಾಟೆ ತಟ್ಟನೆ ನಿಂತಿತು. ದೊಡ್ಡನಾರಾಯಣಪ್ಪ ಹೆಂಡತಿಯ ಕಡೆ ತಿರುಗಿ, ಹಿಂದೆ ಹಾರ ಹಾಕು ಎಂದು ಹೇಳಿದ ಅದೇ ಕಣ್ಣಲ್ಲಿ, ಕೂತಿರು ಎಂದ. ಮುನಿಶಾಮಮ್ಮ ಮಡಿಲಿನ ಹಾರವನ್ನು ಪಕ್ಕದ ಕುರ್ಚಿಯ ಮೇಲೆ ಇಟ್ಟಳು. ಎದ್ದಳು. ಮೆಟ್ಟಿಲ ಹತ್ತಿರ ಬಂದು ಚಪ್ಪಲಿ ಬಿಟ್ಟಳು, ರಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು.